ಅಲುಗಿದ ಫೋಟೋಗೊಂದು ಸರಳ ಸಾಫ್ಟ್‌ವೇರ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗೆ ಬಗೆಹರಿಯುತ್ತಿಲ್ಲ. ಅಜಂತಾದ ಗುಹೆಯಿಂದ ಶುರು ಮಾಡಿದರೆ ನೀವು ಇದನ್ನು ಪ್ರವಾಸಕಥನ ಅಂದುಕೊಂಡು ಊಟ-ವಸತಿಯ ವಿವರ ಕೇಳುತ್ತೀರಿ. ಸಾಫ್ಟ್‌ವೇರ್‌ನಿಂದ ಶುರು ಮಾಡಿದರೆ ಬೆಂಗಳೂರಿನ ಇನ್ನೊಂದು ಐಟಿ ಕಥೆ ಅಂತ ಪುಟ ಮಗುಚುತ್ತೀರಿ. ನಿಮ್ಮದೂ ತಪ್ಪಿಲ್ಲ ಬಿಡಿ. ಟೂರಿನ ಫೋಟೋ ತಿದ್ದಿ ತೋರಿಸುವುದಕ್ಕೆ ಒಂದು ಸುಲಭದ ಸಾಫ್ಟ್‌ವೇರ್ ಹುಡುಕಿದ ಹೆಂಗಸಿನ ಕಥೆಯನ್ನು ಕೂತು ಓದುವ ಪುಣ್ಯಾತ್ಮರು ಯಾರಿದ್ದಾರೆ?

ಮೊದಲ ಕರಡು ಹೀಗಿತ್ತು: "ಮುಂಜಾವಿನ ಹೊಂಬಿಸಿಲಿನಲ್ಲಿ ಪೀಣ್ಯದ ಕಾರ್ಖಾನೆಗಳು ಮೌನವಾಗಿ..." ಅಷ್ಟಕ್ಕೇ ನಿಲ್ಲಿಸಿದೆ. ಪೀಣ್ಯದಲ್ಲಿ ಯಾವುದೂ ಮೌನವಾಗಿರುವುದನ್ನು ನಾನಂತೂ ಕಂಡಿಲ್ಲ. ಎರಡನೆಯ ಕರಡಿನಲ್ಲಿ ಊರ್ಮಿಳಾ ಕಿಟಕಿಯಾಚೆ ನೋಡುತ್ತಾ ನಿಟ್ಟುಸಿರು ಬಿಟ್ಟಳು. ಬಿಟ್ಟವಳೇ ನನ್ನ ಕಡೆ ತಿರುಗಿ, "ನಾನ್ಯಾವಾಗ್ರೀ ನಿಟ್ಟುಸಿರು ಬಿಟ್ಟೆ? ಒಲೆ ಮೇಲೆ ಹಾಲಿಟ್ಟಿದೀನಿ, ಏನು ಬೇಕೋ ಬೇಗ ಹೇಳಿ" ಅಂದಳು. ಆ ಕರಡೂ ಹೋಯಿತು.

ಇನ್ನೊಂದು ತಾಪತ್ರಯ. ಅರವತ್ತು ದಾಟಿದ ಹೆಂಗಸನ್ನು 'ಅವಳು' ಅಂತ ಬರೆಯಲೋ 'ಅವರು' ಅಂತ ಬರೆಯಲೋ? ಇದನ್ನೂ ಅವಳನ್ನೇ ಕೇಳಿದೆ. "ಕಥೆ ಒಳಗೆ ಅವಳು ಅನ್ನಿ, ಪರವಾಗಿಲ್ಲ. ಎದುರಿಗೆ ಸಿಕ್ಕಾಗ ಮರ್ಯಾದೆ ಕೊಟ್ರೆ ಸಾಕು." ಒಂದೇ ಮಾತಿಗೆ ನನ್ನ ವ್ಯಾಕರಣ ಬಗೆಹರಿಸಿದ ಪಾತ್ರ ಈ ಮೊದಲು ನನಗೆ ಸಿಕ್ಕಿರಲಿಲ್ಲ. ಅವಳ ಮೇಲಿನ ಮೆಚ್ಚುಗೆ ಅಲ್ಲಿಂದಲೇ ಶುರುವಾಯಿತು, ಮುಚ್ಚಿಡುವುದಿಲ್ಲ. ಕಥೆಗಾರನಾದವನು ಪಾತ್ರದಿಂದ ಸ್ವಲ್ಪ ದೂರ ನಿಲ್ಲಬೇಕು ಅನ್ನುತ್ತಾರೆ. ನಿಂತವರು ನಿಲ್ಲಲಿ, ನನ್ನಿಂದಾಗುವುದಿಲ್ಲ.

೧ (ಈ ಸಲ ಗಟ್ಟಿಯಾಗಿ)

ಬಾಗಲಗುಂಟೆಯ ಮನೆಯಲ್ಲಿ, ತಿಂಡಿ ಮುಗಿದ ಮೇಲೆ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಊರ್ಮಿಳಾ ಕೂತಿದ್ದಾಳೆ. ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ತಯಾರಾಗಿ ಬಂದ ಬಿಡಿಭಾಗಗಳನ್ನು ಮೈಕ್ರೊಮೀಟರ್‌ನಲ್ಲಿ ಅಳೆದು, ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ, ಕೆಟ್ಟಿದ್ದರೆ ಕೆಂಪು ಚುಕ್ಕೆ ಇಡುವುದು ಅವಳ ಕೆಲಸವಾಗಿತ್ತು. ಎದುರಿನ ಕುರ್ಚಿಯಲ್ಲಿ ಸೊಸೆ ತನ್ಮಯಿ. ಅವಳ ಕಂಪನಿ ಬೆಳ್ಳಂದೂರಿನಲ್ಲಿದೆ, ಈವತ್ತು ಮನೆಯಿಂದಲೇ ಕೆಲಸ. ಒಂದು ಕಿವಿ ಮೀಟಿಂಗಿಗೆ, ಇನ್ನೊಂದು ಕಿವಿ ಅತ್ತೆಗೆ. (ಯಜಮಾನರಾದ ವಾದಿರಾಜರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದಾರೆ. ಈ ಕಥೆಯಲ್ಲಿ ಅವರಿಗೆ ನಾನು ಏನೂ ಕೆಲಸ ಕೊಟ್ಟಿಲ್ಲ. ಅವರೂ ಕೇಳಿಲ್ಲ.)

ಬರುವ ಭಾನುವಾರ ನಿವೃತ್ತ ಮಹಿಳಾ ನೌಕರರ ಬಳಗ ಗಣೇಶನ ಗುಡಿಯ ಸಭಾಂಗಣದಲ್ಲಿ ಸೇರಲಿದೆ. ಹೋದ ತಿಂಗಳು ಬಳಗದವರು ಬಸ್ಸು ಮಾಡಿಕೊಂಡು ಶಿರಡಿ, ಎಲ್ಲೋರಾ, ಅಜಂತಾ ನೋಡಿ ಬಂದರಲ್ಲ, ಆ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕು. ಬಳಗದ ಕಾರ್ಯದರ್ಶಿ ವನಜಾ ಫೋನ್ ಮಾಡಿ, "ಎಲ್ಲಾ ಫೋಟೋ ನಿನ್ನ ಹತ್ರಾನೇ ಇದಾವೆ, ಚೆನ್ನಾಗಿ ಮಾಡ್ಕೊಂಡು ಬಾ ಕಣೆ. ಆ ಹಾಡು ಹಾಕಿ ಗಿರಗಿರ ತಿರುಗಿಸೋದೆಲ್ಲಾ ಬೇಡ, ನಮಗೆ ತಲೆ ಸುತ್ತತ್ತೆ" ಅಂದಿದ್ದಳು.

ಇಷ್ಟೇ ಆಗಿದ್ದರೆ ಕಥೆ ಬೇಕಿರಲಿಲ್ಲ. ತೊಡಕಿರುವುದು ಶ್ಯಾಮಲಾ ವಿಷಯದಲ್ಲಿ. ಆ ಫೋಟೋಗಳಲ್ಲಿ ಅರ್ಧಕ್ಕರ್ಧ ಶ್ಯಾಮಲಾ ಇದ್ದಾಳೆ. ಆದರೆ ಅಜಂತಾದಿಂದ ವಾಪಸು ಬಂದಾಗಿನಿಂದ ಅವಳು ಊರ್ಮಿಳಾ ಜೊತೆ ಮಾತು ಬಿಟ್ಟಿದ್ದಾಳೆ, ಯಾಕೆ ಅಂತ ಊರ್ಮಿಳಾಗೆ ಸರಿಯಾಗಿ ಗೊತ್ತಿಲ್ಲ.

೨

ಶ್ಯಾಮಲಾ ಮಾದನಾಯಕನಹಳ್ಳಿಯವಳು. ಅಲ್ಲಿನ ಮೂಲದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಮೂರಂತಸ್ತಿನ ಕಟ್ಟಡ ಎದ್ದಿದೆ, ಮೇಲಿನೆರಡು ಬಾಡಿಗೆಗೆ. ಕಾರ್ಖಾನೆಯಲ್ಲಿ ಇವರಿಬ್ಬರದೂ ಒಂದೇ ಮೇಜು. ಮದುವೆ, ಬಾಣಂತನ, ಮುಷ್ಕರ, ಮಕ್ಕಳ ಎಸ್ಸೆಸ್ಸೆಲ್ಸಿ ಎಲ್ಲವೂ ಆ ಮೇಜಿನ ಆಚೆ ಈಚೆಯೇ ಆಗಿಹೋದವು. ಶ್ಯಾಮಲಾ ತಂದ ಅವರೆಕಾಳಿನ ಉಪ್ಪಿಟ್ಟು ಊರ್ಮಿಳಾಗೆ, ಊರ್ಮಿಳಾ ತಂದ ಪುಳಿಯೋಗರೆ ಶ್ಯಾಮಲಾಗೆ. ಸ್ವಂತ ಡಬ್ಬಿಯ ಊಟ ಹೇಗಿರುತ್ತದೆ ಅನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು.

"ರಿಜೆಕ್ಟ್" ಅನ್ನುವುದು ಅವರಿಬ್ಬರ ತಮಾಷೆಯ ಮಾತು. ಸೀರೆಯ ಬಣ್ಣ ಹಿಡಿಸಲಿಲ್ಲವೋ, ರಿಜೆಕ್ಟ್. ಸಾರಿಗೆ ಉಪ್ಪು ಜಾಸ್ತಿಯೋ, ರಿಜೆಕ್ಟ್. ಮಗನಿಗೆ ನೋಡಲು ಹೋದ ಹೆಣ್ಣಿನ ಕಡೆಯವರು ಜಂಬ ಕೊಚ್ಚಿದರೋ, ಇಡೀ ವಂಶವೇ ರಿಜೆಕ್ಟ್.

ಅಜಂತಾದ ಒಂದು ಗುಹೆಯಲ್ಲಿ ಬುದ್ಧ ಮಲಗಿದ್ದಾನೆ. ಒಳಗೆ ಮಬ್ಬು ಬೆಳಕು, ಫ್ಲ್ಯಾಶ್ ಹಾಕುವಂತಿಲ್ಲ. ಊರ್ಮಿಳಾ ತನ್ನ ಫೋನನ್ನು ಶ್ಯಾಮಲಾಳ ಕೈಗೆ ಕೊಟ್ಟು ಬುದ್ಧನ ಪಾದದ ಹತ್ತಿರ ಹೋಗಿ ನಿಂತಳು. ಶ್ಯಾಮಲಾ ತೆಗೆದಳು. ನೋಡಿದರೆ ಮುಖ ಯಾವುದು, ಕಲ್ಲು ಯಾವುದು ತಿಳಿಯದಷ್ಟು ಅಲುಗಿಹೋಗಿತ್ತು.

"ರಿಜೆಕ್ಟ್" ಅಂದಳು ಊರ್ಮಿಳಾ, ಇಡೀ ಗುಹೆಗೆ ಕೇಳುವ ಹಾಗೆ. "ಅಷ್ಟು ವರ್ಷ ಮೈಕ್ರೊಮೀಟರ್ ಹಿಡಿದ ಕೈ, ಒಂದು ಫೋನ್ ನೆಟ್ಟಗೆ ಹಿಡಿಯೋಕೆ ಬರಲ್ವೇನೇ?"

ಬಳಗದವರು ಗೊಳ್ಳೆಂದು ನಕ್ಕರು. ಶ್ಯಾಮಲಾ ನಗಲಿಲ್ಲ. ಫೋನ್ ವಾಪಸು ಕೊಟ್ಟು ಹೊರಗೆ ಹೋದಳು, ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿದಳು, ಬೆಂಗಳೂರಿನ ತನಕ ಕಿಟಕಿಗೆ ಮುಖ ಮಾಡಿ ಕೂತಳು. ಆಮೇಲೆ ಫೋನಿಲ್ಲ, ಮೆಸೇಜಿಲ್ಲ.

"ಅಷ್ಟಕ್ಕೆಲ್ಲಾ ಮುಖ ಊದಿಸ್ಕೊಂಡ್ರೆ ನಾನೇನು ಮಾಡ್ಲಿ? ಸಾವಿರ ಸಲ ಅಂದಿರೋ ಮಾತು ಅದು" ಅಂತ ಊರ್ಮಿಳಾ ನನ್ನ ಹತ್ತಿರ ರೇಗಿದಳು. ಅವಳಿಗೆ ಸಿಟ್ಟಿಗಿಂತ ಸಂಕಟ ದೊಡ್ಡದಾಗಿತ್ತು. ಭಾನುವಾರ ಶ್ಯಾಮಲಾ ಸಭಾಂಗಣಕ್ಕೆ ಬರದೇ ಹೋದರೆ ಈ ಸ್ನೇಹ ಅಲ್ಲಿಗೆ ಮುಗಿದಂತೆ ಅಂತ ಅವಳಿಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ ಒಬ್ಬ ಗೆಳತಿ ಹೋದರೆ ಅಂಥ ಇನ್ನೊಬ್ಬಳು ಸಿಗುವುದಿಲ್ಲ ಅಂತಲೂ ಗೊತ್ತಿತ್ತು. ಆದರೂ ಮೊದಲು ಫೋನ್ ಮಾಡುವುದಕ್ಕೆ ಮನಸ್ಸು ಬರಲಿಲ್ಲ.

೩

ಸಾಫ್ಟ್‌ವೇರ್ ವಿಷಯಕ್ಕೆ ಬರೋಣ. ತನ್ಮಯಿ ಮೂರನ್ನು ಆರಿಸಿಟ್ಟಿದ್ದಳು. ಕಾರ್ಖಾನೆಗೆ ಅಳತೆಯ ಹೊಸ ಗೇಜು ಬಂದಾಗ ಇನ್‌ಸ್ಪೆಕ್ಷನ್‌ನವರು ಅದಕ್ಕೆ ಒಳ್ಳೆಯ ಪೀಸನ್ನು ಹಾಕಿ ನೋಡುತ್ತಿರಲಿಲ್ಲ, ಕೆಂಪು ಚುಕ್ಕೆಯದನ್ನು ಹಾಕಿ ನೋಡುತ್ತಿದ್ದರು. ಊರ್ಮಿಳಾ ಸಾಫ್ಟ್‌ವೇರ್‌ಗೂ ಅದೇ ಪದ್ಧತಿ ಹಿಡಿದಳು. ಇದ್ದುದರಲ್ಲೇ ಕೆಟ್ಟ ಫೋಟೋ ಯಾವುದು? ಗುಹೆಯೊಳಗೆ ಶ್ಯಾಮಲಾ ತೆಗೆದದ್ದು. ಸಿಟ್ಟಿದ್ದರೂ ಅದನ್ನು ಅವಳು ಅಳಿಸಿರಲಿಲ್ಲ. ಎಲ್ಲಕ್ಕೂ ಅದನ್ನೇ ಹಾಕಿ ನೋಡುವುದು ಅಂತಾಯಿತು.

(ನಾನು ಹೋದ ವರ್ಷ ಹೊಸ ಫೋನ್ ಕೊಂಡದ್ದು ಅದರ ಬಣ್ಣ ನೋಡಿ. ಈ ಹೆಂಗಸನ್ನು ನಾನು ಸುಮ್ಮಸುಮ್ಮನೆ ಹೊಗಳುತ್ತಿಲ್ಲ.)

ಮೊದಲನೆಯದನ್ನು ತೆರೆದರೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬರೀ ಗುಂಡಿಗಳು. ಫೋಟೋ ನಡುವೆ ಎಲ್ಲೋ ಒಂದು ಅಂಚೆಚೀಟಿಯಷ್ಟು ಜಾಗದಲ್ಲಿ ಮುದುರಿ ಕೂತಿತ್ತು.

"ಇದು ಫೋಟೋ ತಿದ್ದೋಕಲ್ಲ ತನು, ವಿಮಾನ ಓಡಿಸೋಕೆ" ಅಂದಳು ಊರ್ಮಿಳಾ. "ನಮ್ಮ ಡಿಸೈನರ್ಸ್ ಇದನ್ನೇ ಯೂಸ್ ಮಾಡೋದು ಅತ್ತೆ." "ಅವರಿಗೆ ಸಂಬಳ ಕೊಡ್ತಾರಲ್ಲ, ಮಾಡ್ತಾರೆ."

ಎರಡನೆಯದು ಏನೂ ಕೇಳಲಿಲ್ಲ. ಫೋಟೋಗಳನ್ನು ಬಾಚಿಕೊಂಡು ತಾನೇ ಒಂದು ಸಿನಿಮಾ ಮಾಡಿಬಿಟ್ಟಿತು. ಪಿಟೀಲು ಶುರುವಾಯಿತು, ಬುದ್ಧ ಎಡದಿಂದ ಹಾರಿ ಬಂದ, ಊರ್ಮಿಳಾಳ ಅಲುಗಿದ ಮುಖದ ಸುತ್ತ ಗುಲಾಬಿ ಎಸಳು ಉದುರಿದವು, ಅಷ್ಟರಲ್ಲಿ ಎಲ್ಲೋರಾ ಬಂದು ಹೋಯಿತು. ತನ್ಮಯಿಗೆ ನಗು ತಡೆಯಲಾಗಲಿಲ್ಲ, ಮೀಟಿಂಗಿನಲ್ಲಿ ಯಾರೋ ಏನು ಅಂತ ಕೇಳಿದರು.

"ನಾನು ಬುದ್ಧನ ಬಗ್ಗೆ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಬಸ್ಸು ಬೆಂಗಳೂರಿಗೆ ಬಂದಿರತ್ತೆ. ನನ್ನ ಮಾತು ಮುಗಿಯೋ ತನಕ ಫೋಟೋ ನಿಂತಿರಬೇಕು ತನು. ನಾನು ಹೋಗು ಅಂದ ಮೇಲೆ ಹೋಗ್ಬೇಕು."

ಮೂರನೆಯದು ಬುದ್ಧಿವಂತ. ಕೃತಕ ಬುದ್ಧಿಮತ್ತೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. 'ಅಲುಗಿದೆ, ಸರಿಪಡಿಸಲೇ?' ಅಂತ ತಾನಾಗಿಯೇ ಕೇಳಿತು. ಊರ್ಮಿಳಾ ಹೂಂ ಅಂದಳು. ಒಂದು ಚಕ್ರ ತಿರುಗಿ ನಿಂತಿತು. ಬುದ್ಧನ ಪಾದದ ಹತ್ತಿರ ಒಬ್ಬ ಹೆಂಗಸು ಸ್ಪಷ್ಟವಾಗಿ ನಿಂತಿದ್ದಳು. ನುಣುಪಾದ ಕೆನ್ನೆ, ಸಾಲು ಹಲ್ಲು.

"ಇವಳ್ಯಾರೇ?"

"ನೀವೇ ಅತ್ತೆ."

"ಮೂಗುತಿ ಎಲ್ಲಿ ಹೋಯ್ತು?" ಊರ್ಮಿಳಾ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದಳು. "ಚೆನ್ನಾಗೇನೋ ಇದಾಳೆ. ಆದ್ರೆ ನಮ್ಮ ಬಸ್ಸಲ್ಲಿ ಇರ್ಲಿಲ್ಲ."

ಆಗ ತನ್ಮಯಿ, ಒಳ್ಳೆಯ ಮನಸ್ಸಿನಿಂದಲೇ, ಇನ್ನೊಂದು ಮಾತು ಸೇರಿಸಿದಳು. "ಇದ್ರಲ್ಲಿ ಇನ್ನೊಂದಿದೆ ಅತ್ತೆ. ಫೋಟೋದಿಂದ ಯಾರನ್ನ ಬೇಕಾದ್ರೂ ತೆಗೆದುಬಿಡಬಹುದು. ಸುತ್ತ ಒಂದು ಗೆರೆ ಎಳೆದ್ರೆ ಆಯ್ತು." ಯಾರನ್ನು ಅಂತ ಅವಳು ಹೇಳಲಿಲ್ಲ, ಊರ್ಮಿಳಾನೂ ಕೇಳಲಿಲ್ಲ.

೪ (ಶ್ಯಾಮಲಾ ಇಲ್ಲದ ಕರಡು)

ಸುಳ್ಳೇಕೆ, ಆ ಗುಂಡಿ ನೋಡಿ ನನಗೂ ಆಸೆಯಾಯಿತು. ಸಣ್ಣಕಥೆಯಲ್ಲಿ ಜನ ಕಡಿಮೆಯಿದ್ದಷ್ಟೂ ಒಳ್ಳೆಯದು. ಶ್ಯಾಮಲಾ ಸುತ್ತ ಒಂದು ಗೆರೆ ಎಳೆದುಬಿಟ್ಟರೆ ಅತ್ತೆ, ಸೊಸೆ, ಲ್ಯಾಪ್‌ಟಾಪು. ಹಗುರವಾದ ಹಾಸ್ಯ, ಯಾವ ಪತ್ರಿಕೆಯಾದರೂ ಹಾಕಿಕೊಳ್ಳುತ್ತದೆ. ಬರೆದೂ ನೋಡಿದೆ:

"ಊರ್ಮಿಳಾ ಒಬ್ಬಳೇ ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟು ಬಿಟ್ಟು ಈಚೆ ಕೂತಳು. ದಾರಿಯುದ್ದಕ್ಕೂ ಬಲಗಡೆ ತಿರುಗಿ ಮಾತಾಡುತ್ತಿದ್ದಳು. ಚಿತ್ರದುರ್ಗ ದಾಟಿದ ಮೇಲೆ ಚಕ್ಕುಲಿ ಮುರಿದು ಅರ್ಧವನ್ನು..."

ಯಾರಿಗೆ ಕೊಡುತ್ತಾಳೆ? ಅರ್ಧ ಚಕ್ಕುಲಿ ಹಿಡಿದ ಕೈ ಗಾಳಿಯಲ್ಲಿ ಹಾಗೇ ನಿಂತುಬಿಟ್ಟಿತು. ಕರಡನ್ನು ಹರಿದೆ. (ಹರಿದೆ ಅನ್ನುವುದು ಅಭ್ಯಾಸಬಲ. ಡಿಲೀಟ್ ಮಾಡಿದೆ.)

ಅತ್ತ ಊರ್ಮಿಳಾನೂ ಗೆರೆ ಎಳೆದು ನೋಡುತ್ತಿದ್ದಳು. ಎಲ್ಲೋರಾದಲ್ಲಿ, ಕಲ್ಲಿನ ಆನೆಯ ಮುಂದೆ, ಬಿಸಿಲಿನಲ್ಲಿ ನಿಂತ ಶ್ಯಾಮಲಾ. ಸುತ್ತ ಬೆರಳಾಡಿಸಿದಳು. ಚಕ್ರ ತಿರುಗಿತು. ಶ್ಯಾಮಲಾ ಇಲ್ಲ. ಅವಳಿದ್ದ ಕಡೆ ಆನೆಯ ಕಾಲೊಂದು ಬಂದು ತುಂಬಿಕೊಂಡಿದೆ, ಇಲ್ಲದ ಕಾಲು. ಆದರೆ ನೆಲದ ಮೇಲೆ ಶ್ಯಾಮಲಾಳ ನೆರಳು ಹಾಗೇ ಬಿದ್ದಿತ್ತು, ಗಂಟು ಕಟ್ಟಿದ ತುರುಬಿನ ಸಮೇತ.

ಊರ್ಮಿಳಾ ಅದನ್ನೇ ನೋಡುತ್ತಾ ಕೂತಳು. ಆಮೇಲೆ, "ವಾಪಸ್ ತಂದ್ಕೊಡು" ಅಂದಳು. ತನ್ಮಯಿ ಒಂದು ಗುಂಡಿ ಒತ್ತಿದಳು, ಶ್ಯಾಮಲಾ ಬಂದಳು.

"ಅಳಿಸೋಕೆ ಬರದೇ ಇರೋದು ಯಾವುದಾದ್ರೂ ಇದೆಯಾ?" ಅಂತ ಕೇಳಿದಳು ಊರ್ಮಿಳಾ.

೫

ಇತ್ತು. ಲ್ಯಾಪ್‌ಟಾಪಿನ ಜೊತೆಗೇ ಬಂದದ್ದು, ಯಾರೂ ಅದನ್ನು ಒಂದು ಸಾಫ್ಟ್‌ವೇರ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೋಟೋ ತಿರುಗಿಸಬಹುದು, ಅಂಚು ಕತ್ತರಿಸಬಹುದು, ಬೆಳಕು ಹೆಚ್ಚು ಕಡಿಮೆ ಮಾಡಬಹುದು, ಕೆಳಗೆ ಹೆಸರು ಬರೆಯಬಹುದು. ತೋರಿಸುವಾಗ ಒಂದು ಫೋಟೋ ಬಂದರೆ, ನೀವು ಒತ್ತುವ ತನಕ ನಿಂತಿರುತ್ತದೆ. ಬೇಕಾದರೆ ಹತ್ತಿರಕ್ಕೆ ಎಳೆದು ದೊಡ್ಡದಾಗಿ ನೋಡಬಹುದು. ಮುಗಿಯಿತು, ಇನ್ನೇನೂ ಬರುವುದಿಲ್ಲ ಅದಕ್ಕೆ.

"ಇದು ತುಂಬಾ ಬೇಸಿಕ್ ಅತ್ತೆ" ಅಂದಳು ತನ್ಮಯಿ, ಅದರ ಪರವಾಗಿ ತಾನೇ ನಾಚಿಕೊಂಡವಳ ಹಾಗೆ. ಊರ್ಮಿಳಾ ಪದ್ಧತಿ ಬಿಡಲಿಲ್ಲ. ಅದೇ ಕೆಟ್ಟ ಫೋಟೋವನ್ನು ಇದಕ್ಕೂ ಹಾಕಿದಳು.

ಹತ್ತಿರಕ್ಕೆ ಎಳೆದಳು. ಮುಖ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಮೂಗುತಿ ಇದೆಯಾ ಅಂತ ನೋಡುವುದಷ್ಟೇ ಅವಳ ಉದ್ದೇಶ. ಇತ್ತು. ಆದರೆ ಅದರ ಹೊಳಪು ಚುಕ್ಕೆಯಾಗಿರಲಿಲ್ಲ, ಅಡ್ಡಕ್ಕೆ ಎಳೆದ ಒಂದು ಪುಟ್ಟ ಗೆರೆಯಾಗಿತ್ತು. ಕಿವಿಯೋಲೆಯ ಹೊಳಪೂ ಅಡ್ಡಗೆರೆ. ಕನ್ನಡಕದ ಮೂಲೆಯದೂ ಅಡ್ಡಗೆರೆ.

ಇಲ್ಲಿ ಅವಳ ಕೈ ನಿಂತಿತು. ಎಲ್ಲೋರಾದ ಗುಹೆಯೊಳಗಿನ ಫೋಟೋ ತೆರೆದಳು, ಅದರಲ್ಲಿ ಅವಳು ಕಂಬದ ಪಕ್ಕ ನಿಂತಿದ್ದಳು. ಎಳೆದು ನೋಡಿದಳು. ಮೂಗುತಿ ಅಡ್ಡಗೆರೆ. ಶಿರಡಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ತೆಗೆದದ್ದು. ಅಡ್ಡಗೆರೆ. 'ಮಬ್ಬು ಬೆಳಕಿನ ತಪ್ಪು' ಅಂತ ತನಗೆ ತಾನೇ ಹೇಳಿಕೊಂಡಳು. ಅದೇ ಗುಹೆಗಳಲ್ಲಿ ತಾನು ತೆಗೆದವುಗಳನ್ನು ನೋಡಿದಳು. ಬಳಗದವರ ಮೂಗುತಿಯ ಚುಕ್ಕೆ ಚುಕ್ಕೆಯಾಗಿಯೇ ಇತ್ತು.

ಅವಳಿರುವ ಫೋಟೋಗಳನ್ನೆಲ್ಲ ತೆಗೆದದ್ದು ಶ್ಯಾಮಲಾ.

ಇನ್‌ಸ್ಪೆಕ್ಷನ್ನಿಗೆ ಸೇರಿದ ಹೊಸದರಲ್ಲಿ ಇಬ್ಬರಿಗೂ ಹೇಳಿಕೊಟ್ಟ ಪಾಠವೊಂದಿತ್ತು. ಒಂದೊಂದು ಪೀಸಿನಲ್ಲಿ ಒಂದೊಂದು ತರಹದ ತಪ್ಪಿದ್ದರೆ ಕೆಲಸದವನ ಗಮನ ಬೇರೆಲ್ಲೋ ಇದೆ, ಅವನನ್ನು ಕರೆದು ಕೇಳು. ಎಲ್ಲ ಪೀಸಿನಲ್ಲೂ ಅದೇ ತಪ್ಪು, ಅದೇ ದಿಕ್ಕಿಗೆ ಬಂದಿದ್ದರೆ ಅವನನ್ನು ಬೈಯಬೇಡ, ಮೆಷಿನ್ ಹತ್ತಿರ ಹೋಗು. ಅಜಾಗರೂಕತೆಯಿಂದ ಅಲುಗಿದ ಕೈ ಒಮ್ಮೆ ಹಾಗೆ, ಒಮ್ಮೆ ಹೀಗೆ ಅಲುಗುತ್ತದೆ. ಇದು ಪ್ರತಿ ಸಲವೂ ಒಂದೇ ಕಡೆಗೆ ಅಲುಗಿತ್ತು.

ಊರ್ಮಿಳಾ ಈಗ ತಾನು ತೆಗೆದ ಫೋಟೋಗಳಲ್ಲಿ ಶ್ಯಾಮಲಾಳ ಬಲಗೈ ಹುಡುಕತೊಡಗಿದಳು. ಕಲ್ಲಾನೆಯ ಮುಂದೆ ಸೆರಗಿನೊಳಗೆ. ಬಸ್ಸಿನ ಮೆಟ್ಟಿಲ ಮೇಲೆ ಸೆರಗಿನೊಳಗೆ. ಢಾಬಾದಲ್ಲಿ ಎಡಗೈ ಬಲಗೈಯನ್ನು ಬಿಗಿಯಾಗಿ ಹಿಡಿದಿದೆ, ಮುಂದೆ ಅರ್ಧ ಲೋಟ ಚಹಾ. ಪ್ರವಾಸದುದ್ದಕ್ಕೂ ಅವಳು "ನಂಗೆ ಅರ್ಧ ಲೋಟ ಸಾಕು" ಅನ್ನುತ್ತಿದ್ದಳು. ಸಕ್ಕರೆ ಕಾಯಿಲೆ ಇರಬೇಕು ಅಂತ ಊರ್ಮಿಳಾ ಅಂದುಕೊಂಡಿದ್ದಳು.

"ಅಯ್ಯೋ ದೇವರೇ" ಅಂದಳು, ಮೆಲ್ಲಗೆ. ತನ್ಮಯಿ ಕಿವಿಯಿಂದ ಮೀಟಿಂಗನ್ನು ಕಿತ್ತಿಟ್ಟು ಎದ್ದು ಬಂದಳು.

ನಾನು ಇಲ್ಲಿ ಆ ಕಾಯಿಲೆಯ ಹೆಸರು, ಅದರ ಲಕ್ಷಣ, ಮುಂದೇನಾಗುತ್ತದೆ ಎಲ್ಲವನ್ನೂ ಹುಡುಕಿ ಒಂದು ಪುಟ ಬರೆದಿಟ್ಟಿದ್ದೆ. ಊರ್ಮಿಳಾ ಓದಿ, "ನೀವೇನು ಡಾಕ್ಟರಾ?" ಅಂದಳು. "ನಾನೂ ಅಲ್ಲ. ಅವಳ ಬಾಯಿಂದ ಕೇಳೋ ತನಕ ಹೆಸರಿಡಬೇಡಿ." ಆ ಪುಟವೂ ಹೋಯಿತು. ಈ ಕಥೆಯಲ್ಲಿ ನಾನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

೬

"ಅತ್ತೆ, ಭಾನುವಾರ ಎಲ್ಲರೂ ನೋಡ್ತಾರಲ್ಲ" ಅಂದಳು ತನ್ಮಯಿ. "ಆ ಮೂರನೇದ್ರಲ್ಲಿ ಎಲ್ಲವನ್ನೂ ಸರಿ ಮಾಡಿಬಿಡ್ತೀನಿ. ಅಲುಗಿದ್ದು ಯಾರಿಗೂ ಗೊತ್ತಾಗಲ್ಲ." ಅವಳ ಮಾತಿನಲ್ಲಿ ಕಾಳಜಿಯೇ ಇತ್ತು, ಊರ್ಮಿಳಾಗೂ ಅದು ತಿಳಿಯಿತು.

"ಅದು ಅವಳ ಕೈ ಕಣೆ ತನು. ಅವಳನ್ನ ಕೇಳದೆ ನಾನ್ಯಾಕೆ ತಿದ್ದಲಿ? ಇದೇ ಇರ್ಲಿ, ನಾಲ್ಕನೇದು. ಇದಕ್ಕೆ ಇಲ್ಲದ್ದನ್ನ ಸೇರಿಸೋಕೆ ಬರಲ್ಲ."

ಸಾಫ್ಟ್‌ವೇರ್ ಆರಿಸಿದ್ದು ಹೀಗೆ. ನೀವು ಇಷ್ಟಕ್ಕೇ ಬಂದವರಾದರೆ ಇಲ್ಲಿಗೆ ಎದ್ದು ಹೋಗಬಹುದು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಊರ್ಮಿಳಾ ಮಾತ್ರ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮಾದಾವರದಲ್ಲಿ ಇಳಿದು, ಲಾರಿಗಳ ನಡುವೆ ನುಗ್ಗುವ ಒಂದು ಆಟೋದಲ್ಲಿ ಮಾದನಾಯಕನಹಳ್ಳಿಗೆ ಹೊರಟಿದ್ದಾಳೆ. ಅವಳು ಆಟೋದಲ್ಲಿರುವಾಗ ನಾನು ಮೂರು ಮುಕ್ತಾಯಗಳನ್ನು ಸಿದ್ಧ ಮಾಡಿದೆ.

ಅ) ಶ್ಯಾಮಲಾ ಬಾಗಿಲು ತೆರೆಯುತ್ತಾಳೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ.

ಆ) ಬಾಗಿಲಿಗೆ ಬೀಗ. ಮೇಲಿನ ಬಾಡಿಗೆಯವರು, "ಆಸ್ಪತ್ರೆಗೆ ಕರ್ಕೊಂಡು ಹೋದ್ರು" ಅನ್ನುತ್ತಾರೆ.

ಇ) ಬಾಗಿಲು ತೆರೆಯುತ್ತದೆ, ಶ್ಯಾಮಲಾ ನೋಡುತ್ತಾಳೆ, ಬಾಗಿಲು ಮುಚ್ಚುತ್ತದೆ.

ಮೂರನೆಯದು ನನಗೆ ತುಂಬಾ ಹಿಡಿಸಿತ್ತು, ಮಾಡರ್ನ್ ಆಗಿದೆ. ಆಟೋದ ಗದ್ದಲದಲ್ಲೇ ಊರ್ಮಿಳಾಗೆ ಓದಿ ಹೇಳಿದೆ. "ಮೊದಲನೇದು ಅವಳ ಗುಣ ಅಲ್ಲ. ಎರಡನೇದು ಬಾಯಲ್ಲೂ ಅನ್ನಬೇಡಿ. ಮೂರನೇದು... ಅವಳು ಹಾಗೆ ಮಾಡಿದ್ರೆ ನಾನು ಮೆಟ್ಟಿಲ ಮೇಲೆ ಕೂತ್ಕೋತೀನಿ ಅಷ್ಟೆ. ಎಷ್ಟೊತ್ತು ಅಂತ ಮುಚ್ಚಿರ್ತಾಳೆ, ಸೊಪ್ಪಿನವನು ಬಂದಾಗ ತೆಗೀಲೇಬೇಕಲ್ಲ."

೭

ಬಾಗಿಲು ತೆರೆದೇ ಇತ್ತು. ಶ್ಯಾಮಲಾ ಒಳಗೆ ಮಂಚದ ಮೇಲೆ ಕೂತಿದ್ದಳು, ಪಕ್ಕದಲ್ಲಿ ತೊಟ್ಟಿಲು. ಮಗನಿಗೆ ಮೊದಲ ಮಗುವಾಗಿ ಎರಡು ತಿಂಗಳು. ಸೊಸೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು.

"ಏನ್ ಬಂದ್ಬುಟ್ಟೆ" ಅಂದಳು ಶ್ಯಾಮಲಾ. ಬಲಗೈ ಸೆರಗಿನೊಳಗಿತ್ತು. "ಕಾಫಿ ಬೇಕಂದ್ರೆ ಒಳೀಕೋಗಿ ನೀನೇ ಬಗ್ಗಿಸ್ಕೋ."

ಹೋದ ತಿಂಗಳಾಗಿದ್ದರೆ ಊರ್ಮಿಳಾಗೆ ಈ ಮಾತು ಚುರ್ರೆನ್ನುತ್ತಿತ್ತು. ಆ ಕೈ ಬಗ್ಗಿಸಿದರೆ ಕಾಫಿ ಚೆಲ್ಲುತ್ತದೆ ಅಂತ ಈಗ ಅವಳಿಗೆ ಅರ್ಥವಾಯಿತು. ಕಾಫಿ ಬೇಡ ಅಂದು, ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಗುಹೆಯ ಫೋಟೋ ಹಾಕಿ ಮೂಗುತಿಯ ತನಕ ಎಳೆದು ತೋರಿಸಿದಳು. ಆಮೇಲೆ ಎಲ್ಲೋರಾದ್ದು, ಆಮೇಲೆ ಶಿರಡಿಯದ್ದು. ಶ್ಯಾಮಲಾ ಮೊದಲು ಮುಖ ತಿರುಗಿಸಿದಳು. ಆದರೆ ಅವಳೂ ಅದೇ ಮೇಜಿನ ಇನ್‌ಸ್ಪೆಕ್ಟರ್. ಎದುರಿಗೆ ಪೀಸು ಇಟ್ಟರೆ ನೋಡದೆ ಇರಲಾರಳು. ಬಗ್ಗಿ ನೋಡಿದಳು.

"ಎಲ್ಲಾ ಅಡ್ಡಕ್ಕೇ ಐತೆ" ಅಂದಳು ಕೊನೆಗೆ.

"ಹೂಂ. ಎಲ್ಲಾ ಒಂದೇ ಕಡೆಗೆ."

"ಮೆಷಿನ್ನಿಂದೇ ತಪ್ಪು ಬುಡು ಅಂಗಾದ್ರೆ." ಶ್ಯಾಮಲಾ ಸೆರಗಿನಿಂದ ಕೈ ತೆಗೆದು ಮಂಡಿಯ ಮೇಲಿಟ್ಟಳು. ಅದು ತನ್ನಷ್ಟಕ್ಕೆ ಎಡಕ್ಕೆ ಬಲಕ್ಕೆ ಅಲುಗುತ್ತಿತ್ತು, ಅವಳಿಗೆ ಸಂಬಂಧವೇ ಇಲ್ಲವೇನೋ ಅನ್ನುವ ಹಾಗೆ. "ಯುಗಾದಿಯಿಂದ ಇಂಗೆ. ಯಾರ್ಗೂ ಯೋಳಿಲ್ಲ. ಮಗನ್ಗೂ ಯೋಳಿಲ್ಲ."

"ಯಾಕೆ?"

ಶ್ಯಾಮಲಾ ತೊಟ್ಟಿಲ ಕಡೆ ನೋಡಿದಳು. "ಯೋಳುದ್ರೆ ಇದ್ನ ಎತ್ಕೊಳ್ಳಾಕೆ ಬುಡ್ತಾರಾ? ಎತ್ಕೊಂಡು ಬೀಳಿಸ್ಬುಟ್ರೆ ಅಂತ ಭಯ ಇರಲ್ವಾ? ನಾನೇ ಆಗಿದ್ರೂ ಕೊಡ್ತಿರ್ನಿಲ್ಲ. ಅದುಕ್ಕೇ ಸೊಸೆ ಮ್ಯಾಲಕ್ಕೆ ಓದ್ರೆ ಮಗು ಏಳ್ದಂಗೆ ಕಾಯ್ಕಂಡ್ ಕುಂತಿರ್ತೀನಿ. ಎದ್ರೆ ತೊಟ್ಟಿಲು ತೂಗ್ತೀನಿ. ಅಜ್ಜಿಗೆ ಎತ್ಕೊಳ್ಳಾಕೆ ಸೋಮಾರಿತನ ಅಂದ್ಕಂಡವ್ರೆ, ಅಂದ್ಕಳ್ಳಿ."

ಊರ್ಮಿಳಾ ತೊಟ್ಟಿಲೊಳಗೆ ಬಗ್ಗಿ ನೋಡಿದಳು. "ಗುಹೇಲಿ ನಾನು ಹಾಗೆ ಅನ್ನಬಾರದಿತ್ತು ಕಣೆ. ಎಲ್ಲರ ಎದುರಿಗೆ."

"ನೀ ಅಂದಿದ್ಕಲ್ಲ ಸಿಟ್ಟು ಬಂದಿದ್ದು. ರಿಜೆಕ್ಟ್ ಅಂತ ನೀನು ಯಾವತ್ತು ಅಂದಿಲ್ಲ?" ಶ್ಯಾಮಲಾ ಈಗ ನೇರವಾಗಿ ಅವಳ ಮುಖ ನೋಡಿದಳು. "ಕೂದಲೆಳೆಯಷ್ಟು ತಪ್ಪಿದ್ರೂ ಕಂಡ್ಹಿಡಿಯೋಳು ನೀನು. ಪಕ್ಕದ ಸೀಟಲ್ಲಿ ಕುಂತಿದ್ದೆ, ನನ್ ಕೈ ನಿಂಗೆ ಕಾಣ್ನಿಲ್ವಲ್ಲ ಅಂತ."

ಊರ್ಮಿಳಾ ಆ ಅಲುಗುವ ಕೈಯ ಮೇಲೆ ತನ್ನ ಕೈ ಇಡಲು ಹೋಗಿ, ಹಿಡಿದು ನಿಲ್ಲಿಸಿದಂತಾದೀತು ಅನ್ನಿಸಿ, ಪಕ್ಕದಲ್ಲಿ ಇಟ್ಟಳು. (ಇದು ನಾನು ಬರೆದದ್ದಲ್ಲ. ಅವಳೇ ಮಾಡಿದ್ದು. ನಾನಾಗಿದ್ದರೆ ಹಿಡಿಸಿಬಿಡುತ್ತಿದ್ದೆ.)

ಸ್ವಲ್ಪ ಹೊತ್ತಿನ ಮೇಲೆ ಭಾನುವಾರದ ವಿಷಯ ಬಂತು. ಕಾರ್ಖಾನೆಯಲ್ಲಿ ಹಸಿರೂ ಅಲ್ಲದ, ಕೆಂಪೂ ಅಲ್ಲದ ಒಂದು ದಾರಿಯಿತ್ತು. ಅಳತೆ ತುಸು ತಪ್ಪಿದ್ದರೂ ಕೆಲಸಕ್ಕೆ ಬರುವ ಪೀಸಾದರೆ ಎಸೆಯುತ್ತಿರಲಿಲ್ಲ, 'ಡಿವಿಯೇಷನ್ ಮೇಲೆ ಪಾಸ್' ಅಂತ ಮುಂದಕ್ಕೆ ಕಳಿಸುತ್ತಿದ್ದರು. ಆದರೆ ಅದಕ್ಕೆ ಒಬ್ಬರ ಸಹಿ ಸಾಲದು, ಇಬ್ಬರದು ಬೇಕು.

"ಈ ಫೋಟೋಗಳನ್ನ ಡಿವಿಯೇಷನ್ ಮೇಲೆ ಪಾಸ್ ಮಾಡೋಣ ಅಂತಿದೀನಿ" ಅಂದಳು ಊರ್ಮಿಳಾ. "ನಾನು ಇರೋವೆಲ್ಲಾ ಇವೇ. ಇವನ್ನ ಬಿಟ್ರೆ ನಾನು ಟೂರಿಗೇ ಹೋಗಿಲ್ಲ ಅಂತಾಗತ್ತೆ. ನನ್ನದು ಒಂದು ಸಹಿ. ಇನ್ನೊಂದು ನೀನು ಹಾಕಿದ್ರೆ ತೋರಿಸ್ತೀನಿ, ಇಲ್ಲದಿದ್ರೆ ಇಲ್ಲ."

"ವನಜಾ ಕೇಳ್ತಾಳೆ, ಯಾರೇ ಇದ್ನ ತೆಗ್ದಿದ್ದು ಇಂಗೆ ಅಂತ."

"ಕೇಳ್ತಾಳೆ."

"ಏನ್ ಯೋಳ್ತೀಯ?"

"ನೀನು ಏನು ಹೇಳು ಅಂತೀಯೋ ಅದು."

ಶ್ಯಾಮಲಾ ಯೋಚಿಸಿದಳು. "ತಡಿ. ಇವತ್ತೇ ಸಹಿ ಆಕು ಅಂದ್ರೆ ಆಗಲ್ಲ" ಅಂದಳು.

ಸಂಖ್ಯೆ ಹಾಕದೆ ಬಿಟ್ಟ ಭಾಗ

ನೋಡಿ, ನನಗೆ ಇಲ್ಲೊಂದು ಮುಕ್ತಾಯ ಬೇಕು. ಭಾನುವಾರದ ಸಭಾಂಗಣ ನನ್ನ ತಲೆಯಲ್ಲಿ ಪೂರ್ತಿ ಸಿದ್ಧವಾಗಿದೆ. ಪರದೆಯ ಮೇಲೆ ಅಲುಗಿದ ಬುದ್ಧ, ಮುಂದಿನ ಸಾಲಿನಲ್ಲಿ ಶ್ಯಾಮಲಾ, ಹಿಂದೆ ಯಾರೋ ಕಿಸಕ್ಕೆಂದರು, ಆಗ ಶ್ಯಾಮಲಾ ಎದ್ದು ನಿಂತು... "ಏನಂತೀನಿ ಸಾರ್ ಎದ್ ನಿಂತು?" ಅಂತ ಶ್ಯಾಮಲಾನೇ ಕೇಳಿದಳು. ನಾನು ಅವಳ ಜೊತೆ ಮಾತಾಡಿದ್ದು ಇದೇ ಮೊದಲು. ಒಂದು ಒಳ್ಳೆಯ ಸಾಲು ಬರೆದಿಟ್ಟಿದ್ದೇನೆ ಅಂದೆ. "ಮಡೀಕಳಿ. ನಾನು ಬತ್ತೀನೋ ಇಲ್ವೋ ನಂಗೇ ಗೊತ್ತಿಲ್ಲ, ನೀವು ಆಗ್ಲೇ ಮಾತು ಬರ್ದ್ಬುಟ್ಟಿದ್ದೀರ."

ಊರ್ಮಿಳಾ ಕಡೆ ನೋಡಿದೆ. ಅವಳು ನನ್ನ ಸಹಾಯಕ್ಕೆ ಬರಲಿಲ್ಲ.

ಅಷ್ಟರಲ್ಲಿ ತೊಟ್ಟಿಲಲ್ಲಿ ಮಗು ಎದ್ದು ರಾಗ ತೆಗೆಯಿತು. ಶ್ಯಾಮಲಾ ಅಭ್ಯಾಸದಂತೆ ಎಡಗೈಯಲ್ಲಿ ತೊಟ್ಟಿಲು ತೂಗಿದಳು. ಅಳು ಜೋರಾಯಿತು. ಮಹಡಿಯಿಂದ ಸೊಸೆ, "ಅತ್ತೆ, ಒಂಚೂರು ಎತ್ಕೊಳ್ರೀ, ಬಂದೆ" ಅಂತ ಕೂಗಿದಳು. ಶ್ಯಾಮಲಾ ತೂಗುತ್ತಲೇ ಇದ್ದಳು. ಊರ್ಮಿಳಾ ಎದ್ದು ಮಗುವನ್ನು ಎತ್ತಿಕೊಳ್ಳಬಹುದಿತ್ತು, ಅರ್ಧ ಎದ್ದೂ ಇದ್ದಳು. ಏನನ್ನೋ ನೆನೆಸಿ ಮತ್ತೆ ಕೂತಳು. ಶ್ಯಾಮಲಾ ಹೇಳದೆ ತಾನಾಗಿ ಏನೂ ಮಾಡಬಾರದು ಅಂತ ಅವಳು ನಿರ್ಧರಿಸಿಬಿಟ್ಟಿದ್ದಳು. ಆ ಅಳುವಿನ ನಡುವೆ ಅವಳು ಸುಮ್ಮನೆ ಕೂತದ್ದಿದೆಯಲ್ಲ, ಅದು ನನ್ನ ಕೈಲಾಗದ ಕೆಲಸ.

ಶ್ಯಾಮಲಾ ತೊಟ್ಟಿಲು ಬಿಟ್ಟಳು. ಮಂಚದಿಂದ ಇಳಿದು ಚಾಪೆಯ ಮೇಲೆ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತಳು. ಸೀರೆಯನ್ನು ಮಡಿಲ ತುಂಬ ಹರಡಿಕೊಂಡಳು.

"ಊರ್ಮಿಳಾ" ಅಂದಳು. "ಎತ್ಕೊಂಡ್ ಬಂದು ನನ್ ಮಡ್ಲಿಗೆ ಆಕು. ಇಲ್ಲೇ ಪಕ್ಕದಲ್ಲಿ ಕುಂತಿರು."

ಊರ್ಮಿಳಾ ಹಾಕಿದಳು. ಶ್ಯಾಮಲಾ ಎಡಗೈಯನ್ನು ಮಗುವಿನ ತಲೆಯ ಕೆಳಗೆ ಕೊಟ್ಟಳು, ಬಲಗೈಯನ್ನು ಅದರ ಹೊಟ್ಟೆಯ ಮೇಲಿಟ್ಟಳು. ಕೈ ತನ್ನ ಪಾಡಿಗೆ ಎಡಕ್ಕೆ ಬಲಕ್ಕೆ ಅಲುಗಿತು. ಮಗು ಒಮ್ಮೆ ಬಿಕ್ಕಿ, ಅಲುಗುವ ಕೈಯನ್ನೇ ಗಮನಿಸುತ್ತಾ, ಅಳು ನಿಲ್ಲಿಸಿತು. ಮಹಡಿಯ ಮೆಟ್ಟಿಲ ಮೇಲೆ ಸೊಸೆಯ ಹೆಜ್ಜೆ ಕೇಳಿಸುತ್ತಿತ್ತು. ಶ್ಯಾಮಲಾ ಕೈಯನ್ನು ಸೆರಗಿಗೆ ಎಳೆದುಕೊಳ್ಳುತ್ತಾಳೋ, ಹಾಗೇ ಬಿಡುತ್ತಾಳೋ? ಸೊಸೆ ನೋಡುತ್ತಾಳೋ, ನೋಡಿ ಏನನ್ನುತ್ತಾಳೋ? ಭಾನುವಾರ ಏನು, ಆ ಇನ್ನೊಂದು ಸಹಿ ಏನು? ಎಲ್ಲವೂ ಬಾಕಿಯಿದೆ, ನಾನು ಬೇಗ ಬೇಗ ಬರೆಯುತ್ತಿದ್ದೇನೆ.

ಆಗ ಊರ್ಮಿಳಾ ತಲೆಯೆತ್ತಿ ನನ್ನ ಕಡೆ ನೋಡಿದಳು. ದನಿ ತಗ್ಗಿಸಿ ಹೇಳಿದಳು:

"ಸ್ವಲ್ಪ ಟೈಪ್ ಮಾಡೋದು ನಿಲ್ಲಿಸ್ತೀರಾ? ಆ ಕಟಕಟ ಸದ್ದಿಗೆ ಮಗು ಎಚ್ಚರ ಆಗತ್ತೆ. ಈಗಷ್ಟೇ ಕಣ್ಣು ಮುಚ್ತಾ ಇದೆ."